ಆಭರಣದ ಫೋಟೋ ಕೂಡ ಒಂದು ತಕ್ಕಡಿ: ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರಿನ ವರ್ತಕರ ಮುಂದಿರುವ ಪ್ರಶ್ನೆ

ದಾವಣಗೆರೆ ಜಿಲ್ಲೆಯ ಆರು ತಾಲ್ಲೂಕುಗಳಲ್ಲಿ ದಾವಣಗೆರೆ ಮತ್ತು ಹರಿಹರವನ್ನು ಬಿಟ್ಟರೆ ಉಳಿಯುವವು ಚನ್ನಗಿರಿ, ಹೊನ್ನಾಳಿ, ನ್ಯಾಮತಿ ಮತ್ತು ಜಗಳೂರು. ಚನ್ನಗಿರಿ ಅಡಿಕೆಯ ಸೀಮೆ. ಹೊನ್ನಾಳಿ ತುಂಗಭದ್ರೆಯ ದಡದ ಊರು. ನ್ಯಾಮತಿ ಕೆಲವೇ ವರ್ಷಗಳ ಹಿಂದೆ ಹೊನ್ನಾಳಿಯಿಂದ ಬೇರ್ಪಟ್ಟು ತಾಲ್ಲೂಕು ಕೇಂದ್ರವಾಯಿತು. ಜಗಳೂರು ಮಳೆಯನ್ನೇ ನೆಚ್ಚಿಕೊಂಡ ಬಯಲು ನಾಡು. ಬೆಳೆ ಬೇರೆ, ನೀರು ಬೇರೆಯಾದರೂ ನಾಲ್ಕೂ ಪಟ್ಟಣಗಳ ಪೇಟೆಬೀದಿಯಲ್ಲಿ ಚಿನ್ನ-ಬೆಳ್ಳಿ ಅಂಗಡಿಗಳು ಒಂದೇ ರೀತಿ ಕಾಣುತ್ತವೆ. ದೈವಜ್ಞ ಮತ್ತು ವಿಶ್ವಕರ್ಮ ಸಮಾಜದವರ ಅಂಗಡಿಗಳ ಜೊತೆಗೆ ಜೈನ ಕುಟುಂಬಗಳ ಅಂಗಡಿಗಳೂ ಅಲ್ಲಿವೆ. ಈ ವ್ಯಾಪಾರ ತಲೆಮಾರುಗಳಿಂದ ನಡೆದದ್ದು ಬಾಯಿಮಾತಿನ ನಂಬಿಕೆಯ ಮೇಲೆ. ಅಡಿಕೆ ಮಾರಿದ ರೈತ, ಮಗಳ ಮದುವೆ ಗೊತ್ತು ಮಾಡಿದ ತಾಯಿ, ಅಂಗಡಿಯ ಗಾದಿಯ ಮುಂದೆ ಕುಳಿತು ಒಡವೆಯನ್ನು ಕೈಯಲ್ಲಿ ಹಿಡಿದು, ತಕ್ಕಡಿಯಲ್ಲಿ ತೂಗಿಸಿ ಕೊಳ್ಳುತ್ತಿದ್ದರು.

ಈಗ ಆ ಕ್ರಮ ಬದಲಾಗಿದೆ. ಗ್ರಾಹಕರು ಅಂಗಡಿಗೆ ಬರುವ ಮೊದಲೇ ಒಡವೆಯನ್ನು ನೋಡಿರುತ್ತಾರೆ. ವಾಟ್ಸ್‌ಆ್ಯಪ್ ಸ್ಟೇಟಸ್‌ನಲ್ಲಿ, ಇನ್‌ಸ್ಟಾಗ್ರಾಂ ಪುಟದಲ್ಲಿ, ಮನೆಯವರ ಗುಂಪಿನಲ್ಲಿ ಯಾರೋ ಕಳಿಸಿದ ಚಿತ್ರದಲ್ಲಿ ಆಯ್ಕೆ ಅರ್ಧ ಮುಗಿದಿರುತ್ತದೆ. ಮುಂಗಡವನ್ನೂ ಮೊಬೈಲ್‌ನಲ್ಲೇ ಕಳಿಸುವವರಿದ್ದಾರೆ. ಒಡವೆ ಕೈಗೆ ಬಂದ ಮೇಲೆ ಕೆಲವೊಮ್ಮೆ ಕೇಳಿಬರುವ ಮಾತು ಒಂದೇ: "ಸೇಟ್ರೇ, ಫೋಟೋದಲ್ಲಿ ಇದ್ದದ್ದೇ ಬೇರೆ, ಇದೇ ಬೇರೆ."

ಈ ಮಾತನ್ನು ಸಣ್ಣ ತಕರಾರು ಎಂದು ತಳ್ಳಿಹಾಕುವಂತಿಲ್ಲ. ಮೊದಲು ತಕ್ಕಡಿ ಮಾಡುತ್ತಿದ್ದ ಕೆಲಸದ ಒಂದು ಭಾಗವನ್ನು ಈಗ ಚಿತ್ರ ಮಾಡುತ್ತಿದೆ. ತಕ್ಕಡಿಗೆ ಇರುವ ನಿಯಮ ಚಿತ್ರಕ್ಕೂ ಇರಬೇಕಲ್ಲವೇ ಎಂಬ ಪ್ರಶ್ನೆಯನ್ನು ವ್ಯಾಪಾರ, ಕಾನೂನು ಮತ್ತು ಶ್ರಾವಕಧರ್ಮ ಈ ಮೂರು ದೃಷ್ಟಿಯಿಂದಲೂ ನೋಡುವ ಕಾಲ ಬಂದಿದೆ.

ಬೆಲೆ ಏರಿದಾಗ ತಪ್ಪಿನ ಬೆಲೆಯೂ ಏರುತ್ತದೆ

2025ರ ಏಪ್ರಿಲ್‌ನಲ್ಲಿ ಚಿನ್ನದ ಬೆಲೆ 10 ಗ್ರಾಂಗೆ 1 ಲಕ್ಷ ರೂಪಾಯಿ ಮುಟ್ಟಿತು, ಆ ಬಳಿಕವೂ ಮೇಲೇರಿತು. ಅಂದರೆ ಒಂದು ಗ್ರಾಂಗೆ ಕನಿಷ್ಠ 10 ಸಾವಿರ ರೂಪಾಯಿ ಎಂದು ಲೆಕ್ಕ ಹಿಡಿದರೂ, ಅರ್ಧ ಗ್ರಾಂ ವ್ಯತ್ಯಾಸ ಎಂದರೆ 5 ಸಾವಿರ ರೂಪಾಯಿ. ಕೂಲಿ ಮಾಡುವ ಕುಟುಂಬಕ್ಕೆ ಅದು ದೊಡ್ಡ ಮೊತ್ತ.

ಬೆಲೆ ಏರಿದ್ದರಿಂದ ಇನ್ನೊಂದು ಬದಲಾವಣೆ ಆಗಿದೆ. ಕಡಿಮೆ ತೂಕದಲ್ಲಿ ದೊಡ್ಡದಾಗಿ ಕಾಣುವ ಒಡವೆಗೆ ಬೇಡಿಕೆ ಹೆಚ್ಚಿದೆ. ತೆಳು ತಗಡಿನ ಜುಮುಕಿ, ಒಳಗೆ ಟೊಳ್ಳಾದ ಗುಂಡಿನ ಸರ, ಹಗುರ ಬಳೆ ಎಲ್ಲವೂ ಪ್ರಾಮಾಣಿಕವಾಗಿಯೇ ತಯಾರಾಗುತ್ತವೆ, ಅದರಲ್ಲಿ ತಪ್ಪೇನೂ ಇಲ್ಲ. ಸಮಸ್ಯೆ ಹುಟ್ಟುವುದು ಚಿತ್ರದಲ್ಲಿ. ಸಗಟು ವ್ಯಾಪಾರಿ ಕಳಿಸಿದ ಚಿತ್ರದಲ್ಲಿರುವುದು 40 ಗ್ರಾಂನ ಸರ ಎಂದಿಟ್ಟುಕೊಳ್ಳೋಣ. ಅಂಗಡಿಯವರು ಅದೇ ವಿನ್ಯಾಸವನ್ನು 18 ಗ್ರಾಂನಲ್ಲಿ ಮಾಡಿಸಿಕೊಡುತ್ತಾರೆ. ಸ್ಟೇಟಸ್‌ಗೆ ಹಾಕುವುದು ಮಾತ್ರ 40 ಗ್ರಾಂನ ಚಿತ್ರವನ್ನೇ. ವಿನ್ಯಾಸ ಒಂದೇ ಆದರೂ ವಸ್ತು ಒಂದೇ ಅಲ್ಲ.

ಕಣ್ಣಿನ ಅಂದಾಜು ಇಲ್ಲಿ ಎಷ್ಟು ಮೋಸ ಹೋಗುತ್ತದೆ ಎಂಬುದಕ್ಕೆ ಒಂದು ಸರಳ ಲೆಕ್ಕ ಸಾಕು. ತಗಡಿನ ದಪ್ಪ ಅಷ್ಟೇ ಇಟ್ಟು ಒಂದು ಪದಕದ ಉದ್ದ-ಅಗಲ ಎರಡನ್ನೂ ಎರಡು ಪಟ್ಟು ಮಾಡಿದರೆ ತೂಕ ನಾಲ್ಕು ಪಟ್ಟಾಗುತ್ತದೆ. ಚಿತ್ರದಲ್ಲಿ 20 ಮಿಲಿಮೀಟರ್ ಪದಕ 40 ಮಿಲಿಮೀಟರ್‌ನಂತೆ ಕಂಡರೆ, ನೋಡಿದವರ ಮನಸ್ಸಿನಲ್ಲಿ ಕೂರುವ ತೂಕ ನಿಜದ ನಾಲ್ಕು ಪಟ್ಟು.

ಚಿತ್ರ ಎಲ್ಲೆಲ್ಲಿ ತಪ್ಪುತ್ತದೆ

ಬಹಳಷ್ಟು ಸಲ ವರ್ತಕರಿಗೆ ಮೋಸದ ಉದ್ದೇಶ ಇರುವುದಿಲ್ಲ. ಕ್ಯಾಮೆರಾ ಮತ್ತು ಬೆಳಕಿನ ಸ್ವಭಾವವೇ ದಾರಿ ತಪ್ಪಿಸುತ್ತದೆ. ಮುಖ್ಯವಾದವು ನಾಲ್ಕು.

ಮೊದಲನೆಯದು ಗಾತ್ರ. ಮೊಬೈಲ್‌ನ ಮುಖ್ಯ ಕ್ಯಾಮೆರಾ ಅಗಲ ನೋಟದ್ದು. ಅದನ್ನು ಒಡವೆಗೆ ತೀರ ಹತ್ತಿರ ಹಿಡಿದರೆ ಮುಂದಿರುವ ಭಾಗ ಉಬ್ಬಿ, ಹಿಂದಿನದು ಕುಗ್ಗುತ್ತದೆ. ಸರದ ಪದಕ ದೊಡ್ಡದಾಗಿ, ಸರಪಳಿ ಸಣ್ಣದಾಗಿ ಕಾಣುತ್ತದೆ. ಪಕ್ಕದಲ್ಲಿ ಅಳತೆಗೆ ಏನೂ ಇಲ್ಲದಿದ್ದರೆ ಮೂಗುಬೊಟ್ಟೂ ಪದಕದಷ್ಟು ದೊಡ್ಡದಾಗಿ ಪರದೆ ತುಂಬುತ್ತದೆ.

ಎರಡನೆಯದು ಬಣ್ಣ. ಚಿನ್ನದ ಅಂಗಡಿಯಲ್ಲಿ ಹಳದಿ ದೀಪ, ಬೆಳ್ಳಿ ಮತ್ತು ವಜ್ರದ ವಿಭಾಗದಲ್ಲಿ ಬಿಳಿ ದೀಪ ಹಾಕುವುದು ವಾಡಿಕೆ. ಹಳದಿ ದೀಪದ ಕೆಳಗೆ 18 ಕ್ಯಾರೆಟ್‌ನ ಒಡವೆ 22 ಕ್ಯಾರೆಟ್‌ನಂತೆ ಮಿನುಗಬಲ್ಲದು. 22 ಕ್ಯಾರೆಟ್‌ನಲ್ಲಿ ಶೇ. 91.6ರಷ್ಟು ಚಿನ್ನವಿದ್ದರೆ, 18 ಕ್ಯಾರೆಟ್‌ನಲ್ಲಿ ಶೇ. 75 ಮಾತ್ರ. ಚಿತ್ರದ ಬಣ್ಣ ಈ ಅಂತರವನ್ನು ಮುಚ್ಚಿಹಾಕುತ್ತದೆ. ಮೇಲಿಂದ ಮೊಬೈಲ್‌ನ ಫಿಲ್ಟರ್ ಸೇರಿದರೆ ಚಿನ್ನದ ಲೇಪವಿರುವ ಒಡವೆಯೂ ಅಪ್ಪಟ ಚಿನ್ನದಂತೆ ಹೊಳೆಯುತ್ತದೆ.

ಮೂರನೆಯದು ಒಳಗಿನ ಸಂಗತಿ. ಟೊಳ್ಳೋ ಗಟ್ಟಿಯೋ, ಒಳಗೆ ಅರಗು ತುಂಬಿದೆಯೋ ಇಲ್ಲವೋ, ಕಲ್ಲಿನ ತೂಕ ಎಷ್ಟು, ಚಿನ್ನದ ತೂಕ ಎಷ್ಟು ಎಂಬುದನ್ನು ಎದುರಿನಿಂದ ತೆಗೆದ ಚಿತ್ರ ಹೇಳುವುದಿಲ್ಲ. ವಜ್ರ ಭೂಮಿಯಿಂದ ಬಂದದ್ದೋ ಪ್ರಯೋಗಾಲಯದಲ್ಲಿ ಬೆಳೆಸಿದ್ದೋ ಎಂಬುದನ್ನು ಯಾವ ಫೋಟೋವೂ ತೋರಿಸಲಾರದು.

ನಾಲ್ಕನೆಯದು ಹೊಸದು: ಎಐ. ಒಂದು ಸಾಧಾರಣ ಚಿತ್ರ ಕೊಟ್ಟರೆ ಸಾಕು, ಅದೇ ಒಡವೆಯನ್ನು ರೂಪದರ್ಶಿಯ ಕೊರಳಿಗೆ ಹಾಕಿ ತೋರಿಸುವ ಸಾಧನಗಳು ಈಗ ಎಲ್ಲರ ಮೊಬೈಲ್‌ಗೂ ಬಂದಿವೆ. ಸ್ಟುಡಿಯೋ ಖರ್ಚಿಲ್ಲ, ರೂಪದರ್ಶಿಗೆ ಹಣ ಕೊಡಬೇಕಿಲ್ಲ. ಆದರೆ ಆ ಚಿತ್ರದಲ್ಲಿ ಗುಂಡುಗಳ ಲೆಕ್ಕ ಬದಲಾಗಬಹುದು, ಕಲ್ಲಿನ ಸಾಲು ಹೆಚ್ಚಬಹುದು, ಜುಮುಕಿ ಕಿವಿಯ ಎರಡು ಪಟ್ಟಾಗಬಹುದು. ಅದು ಅಂಗಡಿಯಲ್ಲಿರುವ ಒಡವೆಯ ಫೋಟೋ ಎನ್ನಲಾಗದು. ಅಂಥ ಒಡವೆ ಇದ್ದರೆ ಹೇಗಿದ್ದೀತು ಎಂಬ ಊಹೆಯ ಚಿತ್ರ ಅಷ್ಟೆ.

ಕಾನೂನು ಏನು ಹೇಳುತ್ತದೆ

ಸ್ಟೇಟಸ್‌ಗೆ ಹಾಕುವ ಫೋಟೋ ಜಾಹೀರಾತಲ್ಲ ಎಂದು ಅನೇಕರು ಭಾವಿಸಿದ್ದಾರೆ. 2020ರ ಜುಲೈನಲ್ಲಿ ಜಾರಿಗೆ ಬಂದ ಗ್ರಾಹಕ ಸಂರಕ್ಷಣಾ ಕಾಯ್ದೆ, 2019ರ ಪ್ರಕಾರ ಇಂಟರ್‌ನೆಟ್ ಮೂಲಕ ಮಾಡುವ ದೃಶ್ಯರೂಪದ ಪ್ರಚಾರವೂ ಜಾಹೀರಾತೇ. ವಸ್ತುವಿನ ಸ್ವರೂಪ, ಪ್ರಮಾಣ ಅಥವಾ ಗುಣಮಟ್ಟದ ಬಗ್ಗೆ ತಪ್ಪು ಕಲ್ಪನೆ ಹುಟ್ಟಿಸುವುದು, ಮುಖ್ಯ ಮಾಹಿತಿಯನ್ನು ಬೇಕೆಂದೇ ಮುಚ್ಚಿಡುವುದು "ದಾರಿತಪ್ಪಿಸುವ ಜಾಹೀರಾತು" ಎನಿಸುತ್ತದೆ. ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಇಂಥದ್ದಕ್ಕೆ ಮೊದಲ ಬಾರಿ 10 ಲಕ್ಷ ರೂ.ವರೆಗೆ, ಮತ್ತೆ ಮಾಡಿದರೆ 50 ಲಕ್ಷ ರೂ.ವರೆಗೆ ದಂಡ ಹಾಕಬಹುದು. ಗ್ರಾಹಕರು ತಾವು ವಾಸಿಸುವ ಜಿಲ್ಲೆಯ ಆಯೋಗದಲ್ಲೇ ದೂರು ಕೊಡಬಹುದು. ದೂರದ ಊರಿನವರಿಗೆ ಆನ್‌ಲೈನ್‌ನಲ್ಲಿ ಮಾರಿದ ವರ್ತಕರು ಆ ಊರಿಗೇ ಹೋಗಿ ಉತ್ತರ ಕೊಡಬೇಕಾಗಬಹುದು.

"ಚಿತ್ರ ಕೇವಲ ಮಾದರಿಗಾಗಿ" ಎಂದು ಮೂಲೆಯಲ್ಲಿ ಸಣ್ಣ ಇಂಗ್ಲಿಷ್ ಅಕ್ಷರದಲ್ಲಿ ಬರೆದರೆ ಸಾಕೆಂಬ ಅಭಿಪ್ರಾಯವೂ ಇದೆ. ಅದು ಸಾಲದು. 2022ರ ಜೂನ್ 9ರಂದು ಹೊರಬಂದ ಮಾರ್ಗಸೂಚಿಗಳ ಪ್ರಕಾರ ಇಂಥ ಸ್ಪಷ್ಟನೆ ಜಾಹೀರಾತಿನ ಭಾಷೆಯಲ್ಲೇ ಇರಬೇಕು. ಮುಖ್ಯ ಹೇಳಿಕೆಗೆ ವಿರುದ್ಧವಾಗಿಯೂ ಇರಬಾರದು. ಕನ್ನಡದಲ್ಲಿ ಕರೆದು ಇಂಗ್ಲಿಷ್‌ನಲ್ಲಿ ಕೈತೊಳೆದುಕೊಳ್ಳುವಂತಿಲ್ಲ. 2020ರ ಇ-ಕಾಮರ್ಸ್ ನಿಯಮಗಳು ಇನ್ನೂ ಮುಂದೆ ಹೋಗಿ, ಜಾಹೀರಾತಿನಲ್ಲಿ ತೋರಿಸಿದ ಲಕ್ಷಣಗಳು ಇಲ್ಲದ ವಸ್ತುವನ್ನು ಗ್ರಾಹಕರು ಹಿಂತಿರುಗಿಸಿದರೆ ಮಾರಾಟಗಾರರು ನಿರಾಕರಿಸಬಾರದು ಎನ್ನುತ್ತವೆ.

ಇದು ನಮ್ಮ ದೇಶದ ಕಾಳಜಿ ಮಾತ್ರವಲ್ಲ. ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ಆಭರಣ ವ್ಯಾಪಾರಕ್ಕೆಂದೇ ಮಾರ್ಗಸೂಚಿ ಮಾಡಿದೆ. ವಜ್ರ ಅಥವಾ ರತ್ನವನ್ನು ನಿಜಕ್ಕಿಂತ ದೊಡ್ಡದಾಗಿ ತೋರಿಸುವ ಚಿತ್ರದ ಜೊತೆ ನಿಜವಾದ ಅಳತೆಯನ್ನು ಹೇಳದಿದ್ದರೆ ಗ್ರಾಹಕರು ದಾರಿ ತಪ್ಪಬಹುದು ಎಂದು ಅದು ಎಚ್ಚರಿಸುತ್ತದೆ. ಅಮೆರಿಕದ ಗ್ರಾಹಕರಿಗೆ ಸಲ್ಲುವ ಈ ಎಚ್ಚರ ಜಗಳೂರಿನ ತಾಯಿಗೂ ಸಲ್ಲಬೇಕು.

ಚಿತ್ರದ ಹಕ್ಕಿನ ವಿಷಯವೂ ಇದೆ. ದೊಡ್ಡ ಕಂಪನಿಯ ಚಿತ್ರವನ್ನು ಇಳಿಸಿಕೊಂಡು, ಅವರ ಹೆಸರು ಅಳಿಸಿ, ತಮ್ಮ ಅಂಗಡಿಯ ಹೆಸರು ಹಾಕುವವರುಂಟು. 1957ರ ಕೃತಿಸ್ವಾಮ್ಯ ಕಾಯ್ದೆಯಡಿ ಛಾಯಾಚಿತ್ರವೂ ರಕ್ಷಿತ ಕೃತಿ. ಇನ್ನೊಬ್ಬರ ಚಿತ್ರದಿಂದ ತಮ್ಮ ಸರಕನ್ನು ಮಾರಿದರೆ ತಪ್ಪು ಎರಡಾಗುತ್ತದೆ. ಚಿತ್ರ ತಮ್ಮದಲ್ಲ, ಚಿತ್ರದಲ್ಲಿರುವ ಒಡವೆಯೂ ತಮ್ಮದಲ್ಲ. ಹಣ ಕೊಟ್ಟು ಸ್ಥಳೀಯ ಛಾಯಾಗ್ರಾಹಕರಿಂದ ತೆಗೆಸಿದ ಚಿತ್ರದ ಹಕ್ಕಾದರೋ, ಬೇರೆ ಒಪ್ಪಂದ ಇಲ್ಲದಿದ್ದರೆ, ತೆಗೆಸಿದವರಿಗೇ ಸೇರುತ್ತದೆ.

ಶಾಸ್ತ್ರದಲ್ಲೇ ಇರುವ ಮಾತು

ಕಾನೂನಿಗಿಂತ ಬಹಳ ಮೊದಲೇ ನಮ್ಮ ಆಚಾರ್ಯರು ಈ ವಿಷಯವನ್ನು ಸ್ಪಷ್ಟವಾಗಿ ಹೇಳಿದ್ದಾರೆ. ದಿಗಂಬರ-ಶ್ವೇತಾಂಬರ ಎರಡೂ ಪರಂಪರೆಗಳು ಒಪ್ಪುವ ತತ್ತ್ವಾರ್ಥಸೂತ್ರದ 7ನೇ ಅಧ್ಯಾಯದಲ್ಲಿ ಅಚೌರ್ಯಾಣುವ್ರತಕ್ಕೆ ಐದು ಅತಿಚಾರಗಳನ್ನು ಹೇಳಲಾಗಿದೆ. ಕಳವಿಗೆ ಪ್ರೇರಣೆ ಕೊಡುವುದು, ಕಳವಿನ ವಸ್ತುವನ್ನು ಪಡೆಯುವುದು, ರಾಜ್ಯದ ನಿಯಮ ಮೀರಿ ವ್ಯವಹರಿಸುವುದು, ಅಳತೆ-ತೂಕದಲ್ಲಿ ಹೆಚ್ಚು ಕಡಿಮೆ ಮಾಡುವುದು ಮೊದಲ ನಾಲ್ಕು. ಐದನೆಯದು "ಪ್ರತಿರೂಪಕ ವ್ಯವಹಾರ". ಕರ್ನಾಟಕದವರೇ ಎಂದು ಪರಂಪರೆ ಗೌರವಿಸುವ ಪೂಜ್ಯಪಾದಾಚಾರ್ಯರು ಸರ್ವಾರ್ಥಸಿದ್ಧಿಯಲ್ಲಿ ಇದನ್ನು ವಿವರಿಸುವಾಗ ಉದಾಹರಣೆಗೆ ಆರಿಸಿಕೊಂಡದ್ದು ಚಿನ್ನವನ್ನೇ: ಕೃತಕ ಚಿನ್ನ ಮುಂತಾದವುಗಳಿಂದ ವಂಚಿಸುತ್ತ ನಡೆಸುವ ವ್ಯವಹಾರ. ಸಮಂತಭದ್ರಾಚಾರ್ಯರ ರತ್ನಕರಂಡಕ ಶ್ರಾವಕಾಚಾರದಲ್ಲೂ ಒಂದೇ ರೀತಿ ಕಾಣುವ ವಸ್ತುಗಳನ್ನು ಬೆರೆಸಿ ಮಾರುವುದನ್ನು ಅತಿಚಾರವೆಂದೇ ಎಣಿಸಲಾಗಿದೆ. ಆ ಗ್ರಂಥದ ಹೆಸರಿನ ಅರ್ಥವೇ ರತ್ನಗಳ ಪೆಟ್ಟಿಗೆ ಎಂಬುದು ಇಲ್ಲಿ ನೆನಪಾಗದೆ ಇರದು.

"ಪ್ರತಿರೂಪ" ಎಂದರೆ ಒಂದರಂತೆ ಕಾಣುವ ಇನ್ನೊಂದು. ಫೋಟೋ ಎಂಬುದೂ ಒಂದು ಪ್ರತಿರೂಪವೇ. ಆಚಾರ್ಯರ ಕಾಲದಲ್ಲಿ ಕ್ಯಾಮೆರಾ ಇರಲಿಲ್ಲ, ಅವರು ಫೋಟೋದ ಬಗ್ಗೆ ಹೇಳಿದರೆಂದು ನಾವು ಹೇಳಬೇಕಿಲ್ಲ. ಆದರೆ ಒಂದನ್ನು ತೋರಿಸಿ ಇನ್ನೊಂದನ್ನು ಕೊಡುವುದು ಕಳವಿನ ಸಾಲಿಗೇ ಸೇರುತ್ತದೆ ಎಂಬ ತತ್ತ್ವ ಇಲ್ಲಿ ನೇರವಾಗಿ ಅನ್ವಯಿಸುತ್ತದೆ. 40 ಗ್ರಾಂನ ಚಿತ್ರ ತೋರಿಸಿ 18 ಗ್ರಾಂನ ಸರ ಕೊಡುವಾಗ ಬಿಲ್ಲಿನಲ್ಲಿ ತೂಕ ಸರಿಯಾಗಿಯೇ ಇರಬಹುದು. ನಾಲ್ಕನೆಯ ಅತಿಚಾರ ತಪ್ಪಿತು, ಐದನೆಯದು ಉಳಿಯಿತು.

ಪರಿಗ್ರಹ ಪರಿಮಾಣದ ದೃಷ್ಟಿಯಿಂದಲೂ ಯೋಚಿಸಬಹುದು. ಇಷ್ಟು ಸಾಕು ಎಂದು ಮಿತಿ ಹಾಕಿಕೊಳ್ಳುವ ಕುಟುಂಬಕ್ಕೆ ನಿಜವಾದ ಅಳತೆ, ನಿಜವಾದ ತೂಕ ಗೊತ್ತಿರಬೇಕು. ಆಸೆಯನ್ನು ಉಬ್ಬಿಸುವ ಚಿತ್ರ ಆ ಮಿತಿಯನ್ನೇ ಕದಡುತ್ತದೆ.

ನ್ಯಾಮತಿ ಕಲಿಸಿದ ಪಾಠ

ಪ್ರಾಮಾಣಿಕ ಚಿತ್ರದ ಉಪಯೋಗ ಮಾರಾಟಕ್ಕೇ ಮುಗಿಯುವುದಿಲ್ಲ ಎಂಬುದನ್ನು ನಮ್ಮ ನಾಲ್ಕು ತಾಲ್ಲೂಕುಗಳಲ್ಲೇ ನಡೆದ ಘಟನೆಯೊಂದು ನೆನಪಿಸುತ್ತದೆ. 2024ರ ಅಕ್ಟೋಬರ್ ಕೊನೆಯಲ್ಲಿ ನ್ಯಾಮತಿಯ ಸ್ಟೇಟ್ ಬ್ಯಾಂಕ್ ಶಾಖೆಯಿಂದ ಗ್ರಾಹಕರು ಅಡವಿಟ್ಟಿದ್ದ ಸುಮಾರು 17 ಕೆ.ಜಿ. ಚಿನ್ನಾಭರಣ ಕಳವಾಯಿತು. ಅದರ ಮೌಲ್ಯ ಸುಮಾರು 13 ಕೋಟಿ ರೂ. ಎಂದು ಅಂದಾಜಿಸಲಾಗಿತ್ತು. ತಿಂಗಳುಗಟ್ಟಲೆ ತನಿಖೆಯ ನಂತರ ದಾವಣಗೆರೆ ಪೊಲೀಸರು ಆರೋಪಿಗಳನ್ನು ಬಂಧಿಸಿ, ತಮಿಳುನಾಡಿನ ಮದುರೈ ಜಿಲ್ಲೆಯ ಉಸಿಲಂಪಟ್ಟಿ ಕಡೆಯ ಬಾವಿಯೊಂದರಲ್ಲಿ ಬಚ್ಚಿಟ್ಟಿದ್ದ ಚಿನ್ನವನ್ನು ಹೊರತೆಗೆದರು. 2025ರ ಮಾರ್ಚ್ ಕೊನೆಯ ವೇಳೆಗೆ ಈ ವಿಷಯ ಬಹಿರಂಗವಾದಾಗ ಎಷ್ಟೋ ಮನೆಗಳು ನಿಟ್ಟುಸಿರು ಬಿಟ್ಟವು.

ಕಳೆದ ಒಡವೆ ಸಿಕ್ಕಾಗ ಮೊದಲು ಏಳುವ ಪ್ರಶ್ನೆ, ಯಾವುದು ಯಾರದು? ಬ್ಯಾಂಕಿಗೆ ತನ್ನದೇ ದಾಖಲೆ ಇರುತ್ತದೆ. ಮನೆಯಲ್ಲಿ ಇಟ್ಟ ಒಡವೆ ಕಳವಾದರೆ ಆ ದಾಖಲೆ ಎಲ್ಲಿ? 2002ರ ಸುಂದರ್‌ಭಾಯಿ ಅಂಬಾಲಾಲ್ ದೇಸಾಯಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ವಶಪಡಿಸಿಕೊಂಡ ಚಿನ್ನಾಭರಣಗಳನ್ನು ಠಾಣೆಯಲ್ಲಿ ವರ್ಷಗಟ್ಟಲೆ ಇಡದೆ, ವಿವರವಾದ ಪಂಚನಾಮೆ ಮಾಡಿ, ಫೋಟೋ ತೆಗೆದು, ಬಾಂಡ್ ಪಡೆದು ಹಕ್ಕುದಾರರಿಗೆ ಒಪ್ಪಿಸಬೇಕೆಂದು ಹೇಳಿತು. ಈಗಿನ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 497ನೇ ಕಲಂ ವಶಪಡಿಸಿಕೊಂಡ ವಸ್ತುಗಳ ವಿವರಪಟ್ಟಿ ಮಾಡಿ ಫೋಟೋ ಅಥವಾ ವಿಡಿಯೋ ತೆಗೆಯುವುದನ್ನು ಕ್ರಮವಾಗಿಸಿದೆ. ನ್ಯಾಯಾಲಯದ ಫೋಟೋದಲ್ಲಿರುವ ಸರ ನಮ್ಮದೇ ಎಂದು ತೋರಿಸಲು ನಮ್ಮ ಕೈಯಲ್ಲೂ ಒಂದು ಫೋಟೋ ಇದ್ದರೆ ಒಳ್ಳೆಯದು. ಮುಂಭಾಗ, ಹಿಂಭಾಗ, ಕೊಂಡಿ, ಗುರುತು, ತೂಕ ಎಲ್ಲ ಕಾಣುವ ಫೋಟೋ. ಬಣ್ಣ ಬಳಿದ, ಹೊಳಪು ತುಂಬಿದ, ಎಐ ತಿದ್ದಿದ ಚಿತ್ರ ಆ ದಿನ ಕೆಲಸಕ್ಕೆ ಬರುವುದಿಲ್ಲ.

ವರ್ತಕರಿಗೂ ಇದು ರಕ್ಷಣೆ. ಹಳೆಯ ಚಿನ್ನ ಕೊಳ್ಳುವಾಗ, ಗಿರವಿ ಹಿಡಿಯುವಾಗ, ತಂದವರ ಗುರುತಿನ ದಾಖಲೆಯ ಜೊತೆ ಒಡವೆಯ ಸ್ಪಷ್ಟ ಚಿತ್ರ ಇಟ್ಟುಕೊಂಡರೆ ನಾಳೆ ತನಿಖೆ ಬಂದಾಗ ತಮ್ಮ ಸದುದ್ದೇಶ ತೋರಿಸಲು ಆಧಾರವಿರುತ್ತದೆ. ಕಳವಿನ ಮಾಲೆಂದು ತಿಳಿದೂ ಪಡೆಯುವುದು ಭಾರತೀಯ ನ್ಯಾಯ ಸಂಹಿತೆಯ 317ನೇ ಕಲಂ ಪ್ರಕಾರ ಅಪರಾಧ, ಅಚೌರ್ಯ ವ್ರತದ ಎರಡನೆಯ ಅತಿಚಾರವೂ ಹೌದು.

ಎರಡು ಚಿತ್ರಗಳ ಕ್ರಮ

"ದಾವಣಗೆರೆ, ಶಿವಮೊಗ್ಗದ ದೊಡ್ಡ ಮಳಿಗೆಗಳು ಸಿನಿಮಾ ತಾರೆಯರ ಚಿತ್ರ ಹಾಕುತ್ತವೆ. ನಾವು ಸಪ್ಪೆ ಫೋಟೋ ಹಾಕಿದರೆ ಯಾರು ಬರುತ್ತಾರೆ?" ಎಂದು ವರ್ತಕರು ಕೇಳುವುದು ಸಹಜ. ಆ ಆತಂಕ ನಿಜವಾದದ್ದೇ. ಒಡವೆ ಇರುವುದೇ ಅಲಂಕಾರಕ್ಕೆ, ಅದನ್ನು ಚೆಂದವಾಗಿ ತೋರಿಸುವುದು ಪಾಪವೂ ಅಲ್ಲ, ಅಪರಾಧವೂ ಅಲ್ಲ.

ಆದ್ದರಿಂದ ಒಂದು ಸರಳ ಕ್ರಮವನ್ನು ಸೂಚಿಸಬಹುದು. ಪ್ರತಿ ಒಡವೆಗೂ ಎರಡು ಚಿತ್ರ ಇರಲಿ. ಒಂದು ಅಲಂಕಾರದ ಚಿತ್ರ, ಇನ್ನೊಂದು ಪ್ರಮಾಣದ ಚಿತ್ರ. ಅಲಂಕಾರದ ಚಿತ್ರದಲ್ಲಿ ಹಿನ್ನೆಲೆ, ನೆರಳು, ರೂಪದರ್ಶಿ ಎಲ್ಲ ಇರಲಿ. ಪ್ರಮಾಣದ ಚಿತ್ರದಲ್ಲಿ ಅಂಗಡಿಯಲ್ಲಿರುವ ಅದೇ ಒಡವೆ, ಅಳತೆಪಟ್ಟಿ, ತೂಕ ಇರಲಿ. ಎರಡನ್ನೂ ಒಟ್ಟಿಗೇ ಹಾಕಲಿ.

ಪ್ರಮಾಣದ ಚಿತ್ರಕ್ಕೆ ದುಬಾರಿ ಉಪಕರಣ ಬೇಡ. ನೇರ ಬಿಸಿಲು ಬೀಳದ ಕಿಟಕಿಯ ಪಕ್ಕ ಮೇಜು ಹಾಕಿ, ಅಂಗಡಿಯ ದೀಪಗಳನ್ನು ಆರಿಸಬೇಕು. ಎರಡು ಬಗೆಯ ಬೆಳಕು ಬೆರೆತರೆ ಬಣ್ಣ ಕೆಡುತ್ತದೆ. ಕಿಟಕಿಗೆ ಬಟರ್ ಪೇಪರ್ ಅಂಟಿಸಿದರೆ ಬೆಳಕು ಮೃದುವಾಗುತ್ತದೆ. ಎದುರು ಬದಿಯಲ್ಲಿ ಬಿಳಿ ಥರ್ಮಾಕೋಲ್ ನಿಲ್ಲಿಸಿದರೆ ನೆರಳು ತಿಳಿಯಾಗುತ್ತದೆ. ಹೊಳೆಯುವ ಚಿನ್ನ ಕನ್ನಡಿಯಿದ್ದಂತೆ, ಸುತ್ತಲಿನದೆಲ್ಲ ಅದರಲ್ಲಿ ಮೂಡುತ್ತದೆ. ಫೋಟೋ ತೆಗೆಯುವವರು ಕೆಂಪು ಅಂಗಿ ಹಾಕಿದ್ದರೆ ಗುಂಡಿನ ಮೇಲೆ ಕೆಂಪು ಕಾಣುತ್ತದೆ. ಬೆಳ್ಳಿಯ ಅಂಚು ಬಿಳಿ ಹಿನ್ನೆಲೆಯಲ್ಲಿ ಕರಗಿಹೋದರೆ ಪಕ್ಕದಲ್ಲಿ ಕಪ್ಪು ಕಾಗದದ ಪಟ್ಟಿ ಇಟ್ಟರೆ ಅಂಚು ಎದ್ದು ಕಾಣುತ್ತದೆ. ತೆಗೆಯುವ ಮೊದಲು ಮೆತ್ತನೆ ಹತ್ತಿ ಬಟ್ಟೆಯಿಂದ ಬೆರಳಿನ ಗುರುತು ಒರೆಸಬೇಕು.

ಮೊಬೈಲನ್ನು ಸ್ಟ್ಯಾಂಡಿಗೆ ಹಾಕಿ, ಒಂದಡಿಯಷ್ಟು ದೂರವಿಟ್ಟು 2 ಪಟ್ಟು ಜೂಮ್ ಬಳಸಿದರೆ ಉಬ್ಬು-ತಗ್ಗಿನ ದೋಷ ಬಹಳ ಕಡಿಮೆಯಾಗುತ್ತದೆ. ಪರದೆಯನ್ನು ಒತ್ತಿ ಹಿಡಿದು ಫೋಕಸ್ ಕಟ್ಟಿ, ಬೆಳಕನ್ನು ಸ್ವಲ್ಪ ಇಳಿಸಬೇಕು. ಇಲ್ಲದಿದ್ದರೆ ಹೊಳೆಯುವ ಭಾಗ ಬಿಳಿಚಿಕೊಂಡು ಕೆತ್ತನೆ ಅಳಿಸಿಹೋಗುತ್ತದೆ. ಟೈಮರ್ ಇಟ್ಟರೆ ಕೈ ಅದುರಿದ ಗುರುತು ಬೀಳುವುದಿಲ್ಲ. ಬಣ್ಣ ನಂಬುವಂತಿರಲು ಹಿನ್ನೆಲೆ ತಿಳಿ ಬೂದು ಅಥವಾ ಬಿಳಿ ಇರಲಿ.

ನಾಲ್ಕು ನೋಟ ಸಾಕು: ಎದುರಿನಿಂದ, ದಪ್ಪ ಕಾಣುವಂತೆ ಪಕ್ಕದಿಂದ, ಕೊಂಡಿ-ತಿರುಪು ಕಾಣುವಂತೆ ಹಿಂದಿನಿಂದ, ಎಲೆಕ್ಟ್ರಾನಿಕ್ ತಕ್ಕಡಿಯ ಮೇಲೆ ಅಂಕಿ ಕಾಣುವಂತೆ. ಪಕ್ಕದಲ್ಲಿ ಮಿಲಿಮೀಟರ್ ಪಟ್ಟಿ ಇರಲಿ. ಅದಿಲ್ಲದಿದ್ದರೆ 10 ರೂಪಾಯಿ ನಾಣ್ಯ ಇಡಬಹುದು, ಅದರ ಅಗಲ 27 ಮಿಲಿಮೀಟರ್. ಬಳೆಗೆ ಅಳತೆಯನ್ನೂ ಬರೆಯಬೇಕು. 2.4 ಎಂದರೆ ಒಳಅಗಲ ಸುಮಾರು 57 ಮಿ.ಮೀ., 2.6 ಎಂದರೆ 60 ಮಿ.ಮೀ., 2.8 ಎಂದರೆ 63.5 ಮಿ.ಮೀ. ಎಂದು ತಿಳಿಸಿದರೆ ದೂರದಲ್ಲಿರುವ ಮಗಳು ತನ್ನ ಹಳೆಯ ಬಳೆ ಅಳೆದು ನೋಡಬಲ್ಲಳು.

ಚಿತ್ರದ ಕೆಳಗೆ ಕನ್ನಡದಲ್ಲಿ ಒಡವೆಯ ಹೆಸರು, ಒಟ್ಟು ತೂಕ, ಕಲ್ಲಿನ ತೂಕ, ನಿವ್ವಳ ಚಿನ್ನದ ತೂಕ, ಕ್ಯಾರೆಟ್, ಮಜೂರಿ, ಯಾವ ದಿನದ ಬೆಲೆ ಎಂಬುದು ಇರಲಿ. ಲೇಪದ ಒಡವೆಯಾದರೆ ಲೇಪ ಎಂದೇ ಬರೆಯಬೇಕು. ಎಐ ಬಳಸಿದ್ದರೆ "ಈ ಚಿತ್ರ ಎಐನಿಂದ ಮಾಡಿದ್ದು, ನಿಜವಾದ ಒಡವೆ ಮುಂದಿನ ಚಿತ್ರದಲ್ಲಿದೆ" ಎಂದು ದೊಡ್ಡ ಅಕ್ಷರದಲ್ಲಿ ಹೇಳಬೇಕು. ದೂಳಿನ ಕಣ ಅಳಿಸುವುದು, ಮಬ್ಬಾದದ್ದನ್ನು ತಿಳಿ ಮಾಡುವುದು ತಿದ್ದುಪಡಿ. ಬಣ್ಣ ಏರಿಸುವುದು, ಕಲ್ಲು ಸೇರಿಸುವುದು, ಅಗಲ ಎಳೆಯುವುದು ಮೋಸ. ಈ ಗೆರೆ ಎಲ್ಲರಿಗೂ ಅರ್ಥವಾಗುವಂಥದ್ದೇ.

ಹಾಲ್‌ಮಾರ್ಕ್‌ನ ಚಿತ್ರ

2023ರ ಏಪ್ರಿಲ್ 1ರಿಂದ ಹಾಲ್‌ಮಾರ್ಕ್ ಇರುವ ಚಿನ್ನಾಭರಣವನ್ನು ಆರು ಅಕ್ಷರ-ಅಂಕಿಗಳ ಎಚ್‌ಯುಐಡಿ ಸಂಖ್ಯೆ ಇಲ್ಲದೆ ಮಾರುವಂತಿಲ್ಲ. ಬಿಐಎಸ್ ಚಿಹ್ನೆ, 22ಕೆ916ರಂಥ ಶುದ್ಧತೆಯ ಗುರುತು ಮತ್ತು ಎಚ್‌ಯುಐಡಿ ಈ ಮೂರೂ ಒಡವೆಯ ಮೇಲಿರಬೇಕು. ಬಿಐಎಸ್ ಕೇರ್ ಆ್ಯಪ್‌ನಲ್ಲಿ ಆ ಸಂಖ್ಯೆ ಹಾಕಿದರೆ ಒಡವೆಯ ಬಗೆ, ಶುದ್ಧತೆ, ಹಾಲ್‌ಮಾರ್ಕ್ ಮಾಡಿದ ಕೇಂದ್ರದ ವಿವರ ಬರುತ್ತದೆ. ಚಿತ್ರದಲ್ಲಿ ಸರ ಕಂಡು, ಆ್ಯಪ್‌ನಲ್ಲಿ ಉಂಗುರ ಎಂದು ಬಂದರೆ ಅಲ್ಲೇ ನಿಲ್ಲಬೇಕು. ಶುದ್ಧತೆ ಕಡಿಮೆ ಇದೆ ಎಂದು ಪರೀಕ್ಷೆಯಲ್ಲಿ ತಿಳಿದರೆ, ಕೊರತೆಯ ಮೊತ್ತದ ಎರಡು ಪಟ್ಟು ಹಾಗೂ ಪರೀಕ್ಷಾ ವೆಚ್ಚವನ್ನು ಗ್ರಾಹಕರು ಪಡೆಯಲು ಬಿಐಎಸ್ ನಿಯಮಗಳಲ್ಲಿ ಅವಕಾಶವಿದೆ. 2 ಗ್ರಾಂಗಿಂತ ಕಡಿಮೆ ತೂಕದ ಒಡವೆಗೆ, ಕುಂದನ್, ಪೋಲ್ಕಿ, ಜಡಾವು ಕೆಲಸಕ್ಕೆ ಮತ್ತು ವರ್ಷಕ್ಕೆ 40 ಲಕ್ಷ ರೂ. ಒಳಗಿನ ವಹಿವಾಟಿನ ಅಂಗಡಿಗಳಿಗೆ ಕಡ್ಡಾಯದಿಂದ ವಿನಾಯಿತಿ ಇರುವುದರಿಂದ, ಸಣ್ಣ ಊರುಗಳಲ್ಲಿ ಚಿತ್ರ ಮತ್ತು ಬರಹದ ಪ್ರಾಮಾಣಿಕತೆಯ ಮೇಲೆ ಇನ್ನೂ ಹೆಚ್ಚು ಭಾರ ಬೀಳುತ್ತದೆ.

ಒಂದು ಎಚ್ಚರಿಕೆ. ಎಚ್‌ಯುಐಡಿ ಸಂಖ್ಯೆಯನ್ನು ಎಲ್ಲರಿಗೂ ಕಾಣುವಂತೆ ಸ್ಟೇಟಸ್‌ಗೆ ಹಾಕುವ ಬದಲು, ಕೊಳ್ಳಲು ಮುಂದೆ ಬಂದವರಿಗೆ ಪ್ರತ್ಯೇಕವಾಗಿ ಕಳಿಸುವುದು ಕ್ಷೇಮ. ಬೇರೆಯವರು ಆ ಸಂಖ್ಯೆಯನ್ನು ದುರುಪಯೋಗ ಮಾಡುವ ಸಾಧ್ಯತೆ ತಪ್ಪುತ್ತದೆ. ಹಾಗೆಯೇ ಅಂಗಡಿಯ ತಿಜೋರಿ, ಬಾಗಿಲು, ಒಳಕೋಣೆ ಚಿತ್ರದಲ್ಲಿ ಬಾರದಂತೆ ನೋಡಿಕೊಳ್ಳಬೇಕು. ಒಡವೆ ತೊಟ್ಟ ಮದುಮಗಳ ಚಿತ್ರವನ್ನು ಅವರ ಒಪ್ಪಿಗೆ ಇಲ್ಲದೆ ಹಾಕಬಾರದು.

ಅಲಂಕಾರದಲ್ಲೂ ಅಹಿಂಸೆ, ಅಲಂಕಾರದಲ್ಲೂ ವಿನಯ

ಅಲಂಕಾರದ ಚಿತ್ರಕ್ಕೆ ರೇಷ್ಮೆ ಬಟ್ಟೆ, ಚಿಪ್ಪು, ನವಿಲುಗರಿ, ರಾಶಿ ಹೂವು ಬಳಸುವುದು ಎಲ್ಲೆಡೆ ರೂಢಿ. ಜೈನ ವರ್ತಕರು ಇಲ್ಲಿ ಸ್ವಲ್ಪ ಯೋಚಿಸಬಹುದು. ರೇಷ್ಮೆಗೂ ಚಿಪ್ಪಿಗೂ ಹಿಂದೆ ಜೀವಹಾನಿ ಇದೆ. ನವಿಲುಗರಿ ಮುನಿಗಳ ಪಿಂಛಿಯನ್ನು ನೆನಪಿಸುವ ವಸ್ತು, ಅದನ್ನು ಕಿವಿಯೋಲೆಯ ಹಿನ್ನೆಲೆ ಮಾಡುವುದು ಸರಿ ಕಾಣುವುದಿಲ್ಲ. ಜಿನಬಿಂಬ, ಅಷ್ಟಮಂಗಲ, ಶಾಸ್ತ್ರಗ್ರಂಥಗಳನ್ನು ಮಾರಾಟದ ಚಿತ್ರದಲ್ಲಿ ಇಡುವುದು ಅವಿನಯ, ಶ್ವೇತಾಂಬರ ಬಂಧುಗಳ ಮಾತಿನಲ್ಲಿ ಆಶಾತನಾ.

ಬದಲಿಗೆ ನಮ್ಮ ಸೀಮೆಯಲ್ಲೇ ಸುಂದರ ವಸ್ತುಗಳಿವೆ. ಚನ್ನಗಿರಿಯ ತೋಟದಲ್ಲಿ ತಾನಾಗಿ ಉದುರಿದ ಅಡಿಕೆ ಹಾಳೆ ಒಳ್ಳೆಯ ಹಿನ್ನೆಲೆ. ಅದು ಹೊಳೆಯುವುದಿಲ್ಲ, ಚಿನ್ನದ ಮೇಲೆ ಪ್ರತಿಫಲನ ಬೀಳಿಸುವುದಿಲ್ಲ. ಕೈಮಗ್ಗದ ಹತ್ತಿ ಬಟ್ಟೆ, ಕಪ್ಪು ಕಲ್ಲಿನ ಹಲಗೆ, ಹಳೆಯ ಮರದ ಮಣೆ ಕೂಡ ಆಗುತ್ತವೆ. ರೂಪದರ್ಶಿ ಎಲ್ಲಿಂದಲೋ ಬರಬೇಕಿಲ್ಲ. ಮನೆಯ ಹೆಣ್ಣುಮಕ್ಕಳೇ ಒಪ್ಪಿ ಕೈ ಅಥವಾ ಕಿವಿ ತೋರಿಸಿದರೆ, ಹೊನ್ನಾಳಿಯ ಗ್ರಾಹಕರಿಗೆ ತಮ್ಮದೇ ಮೈಬಣ್ಣದ ಮೇಲೆ ಒಡವೆ ಹೇಗೆ ಕಾಣುತ್ತದೆಂದು ತಿಳಿಯುತ್ತದೆ. ಬೆಳ್ಳಗಿನ ಎಐ ಮುಖ ಅದನ್ನು ತಿಳಿಸುವುದಿಲ್ಲ.

ಸಮಾಜ ಏನು ಮಾಡಬಹುದು

ಇದು ಒಬ್ಬೊಬ್ಬರ ಮನಸ್ಸಿಗೆ ಬಿಟ್ಟ ವಿಷಯವಾಗಿ ಉಳಿದರೆ, ಪ್ರಾಮಾಣಿಕರೇ ನಷ್ಟ ಅನುಭವಿಸುತ್ತಾರೆ. ಪಕ್ಕದ ಅಂಗಡಿ ಉಬ್ಬಿಸಿದ ಚಿತ್ರ ಹಾಕುವಾಗ ತಾವೊಬ್ಬರೇ ಅಳತೆಪಟ್ಟಿ ಇಡುವುದು ಕಷ್ಟ. ಪಟ್ಟಣದ ಚಿನ್ನ-ಬೆಳ್ಳಿ ವರ್ತಕರೆಲ್ಲ, ಯಾವ ಸಮಾಜದವರೇ ಆಗಲಿ, ಸೇರಿ ಎರಡು ಚಿತ್ರಗಳ ಕ್ರಮವನ್ನು ಒಪ್ಪಿಕೊಂಡರೆ ಗ್ರಾಹಕರು ಅದನ್ನೇ ಕೇಳುವ ರೂಢಿ ಬೆಳೆಯುತ್ತದೆ. ಜೈನ ಯುವಕ-ಯುವತಿ ಮಂಡಳಿಗಳು ಒಂದು ದಿನದ ಮೊಬೈಲ್ ಛಾಯಾಗ್ರಹಣ ತರಬೇತಿ ನಡೆಸಬಹುದು. ಚಾತುರ್ಮಾಸದ ಪ್ರವಚನಗಳಲ್ಲಿ ಅಚೌರ್ಯ ವ್ರತದ ವಿಷಯ ಬಂದಾಗ ಪ್ರತಿರೂಪಕ ವ್ಯವಹಾರಕ್ಕೆ ಇಂದಿನ ಉದಾಹರಣೆ ಕೊಡುವಂತೆ ತ್ಯಾಗಿಗಳನ್ನು ವಿನಂತಿಸಬಹುದು.

ಗ್ರಾಹಕರಾದ ಶ್ರಾವಕ-ಶ್ರಾವಿಕೆಯರ ಹೊಣೆಯೂ ಇದೆ. ಮುಂಗಡ ಕಳಿಸುವ ಮೊದಲು ತಕ್ಕಡಿ ಮೇಲಿನ ಚಿತ್ರ ಕೇಳಿ. ಆ ಚಿತ್ರವನ್ನು ಬಿಲ್ಲಿನ ಜೊತೆ ಉಳಿಸಿಕೊಳ್ಳಿ. ಮನೆಯಲ್ಲಿರುವ ಒಡವೆಗಳಿಗೂ ಒಂದು ಭಾನುವಾರ ಇದೇ ರೀತಿ ಚಿತ್ರ ತೆಗೆದು ಸುರಕ್ಷಿತವಾಗಿಡಿ. ಮೋಸವಾಗಿದೆ ಅನಿಸಿದರೆ ಮೊದಲು ಅಂಗಡಿಯವರೊಡನೆ ಮಾತನಾಡಿ, ಬಗೆಹರಿಯದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ.

ದೊಡ್ಡ ಮಳಿಗೆಗಳ ಜಾಹೀರಾತಿನ ಹಣದ ಜೊತೆ ತಾಲ್ಲೂಕಿನ ಅಂಗಡಿ ಸ್ಪರ್ಧಿಸಲಾರದು. ಅದಕ್ಕೆ ಇರುವ ಬಂಡವಾಳ ಬೇರೆ. ಅಜ್ಜನ ಕಾಲದಿಂದ ಅದೇ ಬೀದಿಯಲ್ಲಿ ಕುಳಿತು, ಅದೇ ಮನೆಗಳಿಗೆ ತಾಳಿ-ಕಾಲುಂಗುರ ಕೊಟ್ಟ ನಂಬಿಕೆಯೇ ಆ ಬಂಡವಾಳ. ಫೋಟೋ ನೋಡಿ ಬಂದ ಗ್ರಾಹಕರು ಒಡವೆಯನ್ನು ಕೈಗೆ ತೆಗೆದುಕೊಂಡು "ಸೇಟ್ರೇ, ಫೋಟೋದಲ್ಲಿ ಇದ್ದದ್ದೇ ಇದು" ಎಂದರೆ ಆ ಅಂಗಡಿ ಮುಂದಿನ ತಲೆಮಾರಿಗೂ ಉಳಿಯುತ್ತದೆ.

ಜೈ ಜಿನೇಂದ್ರ.